ಸೌಟಿನಲ್ಲಿ ತಲೆಕೆಳಗಾದ ಹುಡುಗಿ: ಒಬ್ಬ ಮೇಷ್ಟ್ರ ಲೇಖನಕ್ಕೆ ಉತ್ತರ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ‘ಬಾಗಿದ ಕನ್ನಡಿಗಳ ಬೆರಗು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೇ ಲೇಖನ ಅಡಗಿದೆ. ಅದು ನನಗೆ ಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅದು ಇರುವುದು ಮೂರನೇ ಪುಟದ ಕೊನೆಯಲ್ಲಿ. ಬಿಸಿಯೂಟ ಮುಗಿದಿದೆ. ತೊಳೆದಿಟ್ಟ ಸಾರಿನ ಸೌಟನ್ನು ಎತ್ತಿಕೊಂಡ ಆರನೇ ಕ್ಲಾಸಿನ ಹುಡುಗಿ “ಸಾರ್, ಇದ್ರಲ್ಲಿ ನಾನ್ಯಾಕೆ ತಲೆಕೆಳಗಾಗಿದ್ದೀನಿ?” ಅಂತ ಕೇಳುತ್ತಾಳೆ. ಎರಡೇ ಸಾಲು. ಅಲ್ಲಿಂದ ನೀವು ಟಾರ್ಚಿನ ಕಡೆ ಹೊರಟೇ ಬಿಡುತ್ತೀರಿ. ನಾನು ಮಾತ್ರ ಆ ಹುಡುಗಿಯ ಜೊತೆ ಅಲ್ಲೇ ನಿಂತುಬಿಟ್ಟೆ.

ಮೊದಲ ಎರಡು ಪುಟ ತೆಗೆದುಹಾಕಿ. ನಿಮ್ನ ದರ್ಪಣ (ಒಳಕ್ಕೆ ಬಾಗಿದ ಕನ್ನಡಿ), ಪೀನ ದರ್ಪಣ (ಹೊರಕ್ಕೆ ಉಬ್ಬಿದ ಕನ್ನಡಿ), ಧ್ರುವ, ಪ್ರಧಾನಾಕ್ಷ, ವಸ್ತು ಎಲ್ಲಿದ್ದರೆ ಪ್ರತಿಬಿಂಬ ಎಲ್ಲಿ ಅನ್ನುವ ಪಟ್ಟಿ, ಇದೆಲ್ಲ ಹತ್ತನೇ ತರಗತಿಯ ಪುಸ್ತಕದಲ್ಲಿದೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವರೇ ನಮ್ಮ ಓದುಗರು. ಅವರಿಗೆ ಯಾರೂ ಹೇಳದೆ ಬಿಟ್ಟಿದ್ದು ‘ಯಾಕೆ’ ಅನ್ನುವುದನ್ನು.

ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು: “ನಿಮ್ನ ದರ್ಪಣವು ಬೆಳಕನ್ನು ತನ್ನ ಸಂಗಮದ ಕಡೆಗೆ ಎಳೆದುಕೊಳ್ಳುತ್ತದೆ.” ಸಂಗಮ ಅಂದರೆ ದೂರದಿಂದ ಬಂದ ಬೆಳಕು ಸೇರುವ ಬಿಂದು, ಸರಿ. ಆದರೆ ಕನ್ನಡಿ ಏನನ್ನೂ ಎಳೆಯುವುದಿಲ್ಲ ಮೇಷ್ಟ್ರೇ. ಬಾಗಿದ ಕನ್ನಡಿಯಲ್ಲಿ ಬೆಳಕಿಗೆ ಬೇರೆ ಕಾನೂನಿಲ್ಲ. ಎಷ್ಟು ಓರೆಯಾಗಿ ಬಂತೋ ಅಷ್ಟೇ ಓರೆಯಾಗಿ ಹೋಗುತ್ತದೆ, ಗೋಡೆಗೆ ನೇತುಹಾಕಿದ ಕನ್ನಡಿಯಲ್ಲಿ ಆಗುವ ಹಾಗೇ. ಸೌಟಿನ ಒಳಮೈಯನ್ನು ಸಾವಿರಾರು ಪುಟ್ಟ ಚಪ್ಪಟೆ ಕನ್ನಡಿಗಳ ಜೋಡಣೆ ಅಂದುಕೊಳ್ಳಿ. ಒಂದೊಂದೂ ಪಕ್ಕದ್ದಕ್ಕಿಂತ ಚೂರು ವಾಲಿದೆ. ಎಲ್ಲವೂ ಮುಖ ಮಾಡಿರುವುದು ಒಂದೇ ಬಿಂದುವಿನ ಕಡೆಗೆ. ಅದೇ ವಕ್ರತಾ ಕೇಂದ್ರ. ಇಷ್ಟು ಹೇಳಿದರೆ ಅರ್ಧ ಕೆಲಸ ಆಯಿತು.

ಇನ್ನು ಹುಡುಗಿಯ ಪ್ರಶ್ನೆಗೆ ಬರೋಣ. ಆ ಕೇಂದ್ರದ ಮೂಲಕ ಹಾದು ಸೌಟಿಗೆ ಬಡಿದ ಬೆಳಕು ನೇರಕ್ಕೆ ಬಡಿಯುತ್ತದೆ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅವಳ ಹಣೆಯಿಂದ ಕೇಂದ್ರದ ಮೂಲಕ ಒಂದು ಗೆರೆ ಎಳೆಯಿರಿ. ಹಣೆ ಮೇಲಿದೆ, ಹಾಗಾಗಿ ಕೇಂದ್ರ ದಾಟಿದ ಮೇಲೆ ಗೆರೆ ಕೆಳಗಿಳಿಯುತ್ತದೆ. ಗಲ್ಲದಿಂದ ಎಳೆದ ಗೆರೆ ಮೇಲೇರುತ್ತದೆ. ಹಣೆಯ ಪ್ರತಿಬಿಂಬ ಹಣೆಯ ಗೆರೆಯ ಮೇಲೇ ಇರಬೇಕು, ಗಲ್ಲದ್ದು ಗಲ್ಲದ ಗೆರೆಯ ಮೇಲೆ. ಎರಡು ಗೆರೆಗಳೂ ಕೇಂದ್ರದಲ್ಲಿ ಒಂದನ್ನೊಂದು ದಾಟಿಬಿಟ್ಟಿವೆ, ಪ್ರತಿಬಿಂಬ ಮೂಡುವುದು ಆ ದಾಟಿನ ಆಚೆಗೆ. ಅದಕ್ಕೇ ಅವಳು ತಲೆಕೆಳಗು. ಸೂತ್ರ ಬೇಡ, ಪಟ್ಟಿ ಬೇಡ. ಪೆನ್ಸಿಲ್ ಹಿಡಿದು ಎರಡು ಗೆರೆ ಎಳೆದರೆ ಸಾಕು.

ನಿಮ್ಮ ಲೇಖನ ಓದಿದ ಮೇಲೆ ನಾನೂ ಅಡುಗೆಮನೆಯಿಂದ ಸೌಟು ತಂದು ಕಿಟಕಿ ಪಕ್ಕ ಕೂತೆ. ಬೆರಳಿನ ತುದಿಯನ್ನು ಒಳಮೈಗೆ ತಾಗುವಷ್ಟು ಹತ್ತಿರ ಇಟ್ಟರೆ ಅದು ನೆಟ್ಟಗೆ, ದಪ್ಪಗೆ ಕಾಣುತ್ತದೆ. ಮೆಲ್ಲಗೆ ಹಿಂದೆ ತರುತ್ತಾ ಹೋದರೆ ಊದಿಕೊಳ್ಳುತ್ತದೆ. ಒಂದು ಹಂತದಲ್ಲಿ ಸೌಟಿನ ತುಂಬ ಬರೀ ಚರ್ಮದ ಬಣ್ಣ. ಆಮೇಲೆ ಇದ್ದಕ್ಕಿದ್ದ ಹಾಗೆ ಬೆರಳು ತಲೆಕೆಳಗು. ಆ ಕಲಸಿಹೋದ ಜಾಗವೇ ಪ್ರಧಾನ ಸಂಗಮ, ಕೇಂದ್ರಕ್ಕೂ ಕನ್ನಡಿಗೂ ನಡುಮಧ್ಯೆ ಇರುವುದು. ಓದುಗರು ಅದನ್ನು ಮೊದಲು ಬೆರಳಲ್ಲಿ ಹುಡುಕಲಿ. ಹೆಸರನ್ನು ಆಮೇಲೆ ಹೇಳಿ.

ಇನ್ನೊಂದು ದೊಡ್ಡ ವಿಷಯ ನಿಮ್ಮ ಬರಹದಲ್ಲಿ ಬಿಟ್ಟುಹೋಗಿದೆ. ಆ ತಲೆಕೆಳಗಾದ ಮುಖ ಸೌಟಿನೊಳಗೆ ಇಲ್ಲ, ಸೌಟಿನ ಮುಂದೆ ಗಾಳಿಯಲ್ಲಿದೆ! ಸೌಟಿನ ವಕ್ರತಾ ತ್ರಿಜ್ಯ, ಅಂದರೆ ಕೇಂದ್ರದಿಂದ ಸೌಟಿಗಿರುವ ದೂರ, 5 ಸೆಂ.ಮೀ. ಇದ್ದು, ಮುಖ 30 ಸೆಂ.ಮೀ. ದೂರ ಇದ್ದರೆ ಪ್ರತಿಬಿಂಬ ಸೌಟಿನಿಂದ ಸುಮಾರು 2.7 ಸೆಂ.ಮೀ. ಮುಂದೆ ಇರುತ್ತದೆ. ಬೆಳಕು ನಿಜವಾಗಿ ಅಲ್ಲಿ ಬಂದು ಸೇರುತ್ತದೆ. ‘ಸತ್ಯ ಪ್ರತಿಬಿಂಬ’ ಅಂದರೆ ಅದೇ ಅಲ್ವಾ? ನೀವು “ಪರದೆಯ ಮೇಲೆ ಹಿಡಿಯಬಹುದಾದದ್ದು” ಅಂದು ಮುಗಿಸಿದ್ದೀರಿ. ಮುಖ ದೊಡ್ಡದಾಗಿ ತೋರಿಸುವ ಶೇವಿಂಗ್ ಕನ್ನಡಿಯನ್ನು ಕಿಟಕಿಗೆ ಎದುರಾಗಿ ಹಿಡಿಯಿರಿ. ಅದರ ಮುಂದೆ, ಸ್ವಲ್ಪ ಓರೆಗೆ, ಬಿಳಿ ಹಾಳೆಯೊಂದನ್ನು ಹಿಂದೆ ಮುಂದೆ ಸರಿಸಿ. ಹೊರಗಿನ ತೆಂಗಿನಮರ ಬಣ್ಣಸಮೇತ ತಲೆಕೆಳಗಾಗಿ ಹಾಳೆಯ ಮೇಲೆ ಇಳಿಯುತ್ತದೆ, ಗಾಳಿಗೆ ಗರಿ ಅಲ್ಲಾಡುವುದೂ ಕಾಣುತ್ತದೆ. ಮಕ್ಕಳ ಕೈಗೆ ಹಾಳೆ ಕೊಟ್ಟು, ಅವರು ಏನಂದರೋ ಅದನ್ನೇ ಬರೆಯಿರಿ.

ಬೈಕಿನ ಕನ್ನಡಿಯ ಭಾಗದಲ್ಲಿ ತಪ್ಪಿದೆ. ಪೀನ ದರ್ಪಣದಲ್ಲಿ ಪ್ರತಿಬಿಂಬ ದೂರದಲ್ಲಿ ಮೂಡುವುದರಿಂದ ಹಿಂದಿನ ಗಾಡಿ ದೂರ ಕಾಣುತ್ತದೆ ಎಂದಿದ್ದೀರಿ. ಗಾಡಿ ದೂರ ಕಾಣುವುದು ನಿಜ, ಕಾರಣ ಮಾತ್ರ ಉಲ್ಟಾ. ತ್ರಿಜ್ಯ ಒಂದು ಮೀಟರ್ ಅಂದುಕೊಳ್ಳಿ. 10 ಮೀಟರ್ ಹಿಂದಿರುವ, 3 ಮೀಟರ್ ಎತ್ತರದ ಲಾರಿಯ ಪ್ರತಿಬಿಂಬ ಕನ್ನಡಿಯ ಹಿಂದೆ ಅರ್ಧ ಮೀಟರ್ ಒಳಗೇ ಇರುತ್ತದೆ. ಆದರೆ ಅದರ ಎತ್ತರ ಬರೀ 14 ಸೆಂ.ಮೀ. ಲಾರಿ ಎಷ್ಟು ದೊಡ್ಡದು ಅಂತ ನಮಗೆ ಗೊತ್ತು. ಇಷ್ಟು ಚಿಕ್ಕದಾಗಿ ಕಂಡರೆ ದೂರ ಇರಬೇಕು ಅಂತ ಮನಸ್ಸೇ ಲೆಕ್ಕ ಹಾಕಿಬಿಡುತ್ತದೆ. ಈ ತಪ್ಪು ಲೆಕ್ಕವನ್ನು ನಂಬಿ ಪಕ್ಕಕ್ಕೆ ತಿರುಗಿಸಿದರೆ ಜೀವಕ್ಕೇ ಅಪಾಯ. ಹಾಗಾಗಿ ಇಲ್ಲಿ ಒಂದಕ್ಷರವೂ ತಪ್ಪಬಾರದು.

“ಎಲ್ಲ ಕಿರಣಗಳೂ ಒಂದೇ ಬಿಂದುವಿನಲ್ಲಿ ಸೇರುತ್ತವೆ” ಅನ್ನುವುದೂ ಪೂರ್ತಿ ನಿಜವಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಸ್ಟೀಲ್ ಲೋಟದ ಕಾಫಿಯ ಮೇಲೆ ನೋಡಿ. ಬಾಗಿದ ಎರಡು ಬೆಳಕಿನ ಗೆರೆ ಬಂದು ಮೊನೆಯಾಗಿ ಕೂಡುತ್ತವೆ. ಅಂಚಿಗೆ ಬಡಿದ ಕಿರಣಗಳು ನಡುವಿನವಕ್ಕಿಂತ ಕನ್ನಡಿಗೆ ಹತ್ತಿರ ಸೇರುವುದರಿಂದ ಹೀಗೆ. ದೂರದರ್ಶಕದ ಕನ್ನಡಿಗೆ ಗೋಳದ ಬದಲು ಪರವಲಯದಂಥ, ಅಂದರೆ ಅಂಚಿನ ಕಡೆ ಬಾಗು ಚೂರು ಕಡಿಮೆಯಾಗುವ, ಆಕಾರ ಕೊಡುವುದು ಇದಕ್ಕೇ. 1990ರಲ್ಲಿ ಹಾರಿಸಿದ ಹಬಲ್ ಬಾಹ್ಯಾಕಾಶ ದೂರದರ್ಶಕದ 2.4 ಮೀಟರ್ ಕನ್ನಡಿಯ ಅಂಚು ಸುಮಾರು 2 ಮೈಕ್ರಾನ್, ಅಂದರೆ ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ, ಜಾಸ್ತಿ ಚಪ್ಪಟೆಯಾಗಿತ್ತು. ಅಷ್ಟಕ್ಕೇ ಚಿತ್ರಗಳು ಮಬ್ಬಾದವು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಬೇಕಾಯಿತು. ಲೋಟದಿಂದ ಹಬಲ್‌ಗೆ ಒಂದೇ ಹೆಜ್ಜೆ, ನೋಡಿ.

ರೋಮನ್ನರು ಸಿರಾಕ್ಯೂಸ್ ನಗರಕ್ಕೆ ಮುತ್ತಿಗೆ ಹಾಕಿದಾಗ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ಕನ್ನಡಿಯಿಂದ ಅವರ ಹಡಗು ಸುಟ್ಟ ಕತೆಗೆ ಒಂದು ಪುಟ ಕೊಟ್ಟಿದ್ದೀರಿ. ಆ ಮುತ್ತಿಗೆಯನ್ನು ವಿವರಿಸಿದ ಪ್ರಾಚೀನ ಲೇಖಕರಾದ ಪಾಲಿಬಿಯಸ್, ಲಿವಿ, ಪ್ಲುಟಾರ್ಕ್ ಮೂವರೂ ಅವನ ಯಂತ್ರಗಳನ್ನು ಹೊಗಳುತ್ತಾರೆ. ಸುಡುವ ಕನ್ನಡಿಯ ಮಾತೇ ಎತ್ತುವುದಿಲ್ಲ. ಆ ಪುಟ ಬಿಡಿ. ಬೇಕಿದ್ದರೆ ತಮಿಳುನಾಡಿನ ಕಾವಲೂರಿನ ವೈನು ಬಾಪು ದೂರದರ್ಶಕವನ್ನು ತನ್ನಿ. 2.34 ಮೀಟರ್ ಅಗಲದ ಕನ್ನಡಿ, ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಸಾವಿರ ಪದ ಮೀರಬೇಡಿ. ಗೆರೆಚಿತ್ರ ನೀವೇ ಬಿಡಿಸಿ, ತರಗತಿಯ ಬೋರ್ಡಿನ ಮೇಲೆ ಬಿಡಿಸುವ ಹಾಗೆ. ಇನ್ನೊಂದು ಮಾತು. ಅವತ್ತು ಆ ಹುಡುಗಿಗೆ ಏನು ಉತ್ತರ ಕೊಟ್ಟಿರಿ ಅನ್ನುವುದು ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲ. ಕೊಡದಿದ್ದರೆ ನಾಳೆಯೇ ಕೊಡಿ, ಸೌಟು ಅವಳ ಕೈಯಲ್ಲೇ ಇರಲಿ. ಅವಳು ಮುಂದೆ ಏನು ಕೇಳಿದಳು ಅಂತ ಬರೆದು ಕಳಿಸಿ. ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ