ಪಾಪುವನ್ನು ಚಿವುಟುವ ಅಕ್ಕನಿಗೆ ಅಳಿಲಿನ ಕಥೆ ಹೇಳಿ ನೋಡಿ

ತಮ್ಮ ಹುಟ್ಟಿದಾಗಿನಿಂದ 4 ವರ್ಷದ ಮಗಳು ಪಾಪುವನ್ನು ಚಿವುಟುತ್ತಾಳೆ, "ಒಳ್ಳೆ ಅಕ್ಕ"ನ ಕಥೆ ಹೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ ಅಂತ ಬರೆದಿದ್ದೀರಿ. ಅದು ಕಥೆಯಲ್ಲ, ಬುದ್ಧಿಮಾತು ಅಂತ ಅವಳಿಗೆ ಗೊತ್ತಾಗಿಬಿಟ್ಟಿದೆ, ಅಲ್ವಾ?

ಅಕ್ಕ, ತಮ್ಮ ಇಬ್ಬರನ್ನೂ ಕಥೆಯಿಂದ ಹೊರಗಿಡಿ. ಒಂದು ಅಳಿಲು ಸಾಕು. ಗೂಡಿಗೆ ಪುಟ್ಟ ಮರಿ ಬಂತು, ಅಮ್ಮನ ಬಾಲದ ಕೆಳಗಿನ ಬೆಚ್ಚನೆ ಜಾಗ ಹೋಯ್ತು, ಅಳಿಲಿಗೆ ಸಿಟ್ಟು ಬಂತು. ಅಲ್ಲಿಗೆ ನಿಲ್ಲಿಸಿ, "ಆಮೇಲೆ ಏನು ಮಾಡಿತು?" ಅಂತ ಕೇಳಿ. ನನ್ನ ಮಗಳು "ಮರಿಯನ್ನು ಮರದಿಂದ ತಳ್ಳಿತು" ಅಂದಿದ್ದಳು. ಎದೆ ಧಸಕ್ಕೆಂದಿತು. ಆದರೂ ತಿದ್ದಲಿಲ್ಲ. "ಅಷ್ಟೊಂದು ಸಿಟ್ಟು ಬಂದಿತ್ತಾ?" ಅಂದೆ ಅಷ್ಟೆ. ಸುಮ್ಮನೆ ನನ್ನ ಸೆರಗಿನ ಅಂಚು ಸುತ್ತುತ್ತಾ ಕೂತಿದ್ದವಳು, "ಅಮ್ಮ ಬಾಲ ಉದ್ದ ಮಾಡಿದಳು, ಇಬ್ಬರಿಗೂ ಸಾಕಾಯ್ತು" ಅಂತ ತಾನೇ ಸೇರಿಸಿದಳು.

ಚಿವುಟಿದ ತಕ್ಷಣ ಕಥೆ ಬೇಡ. ಆಗ ಕೈ ಹಿಡಿದು "ಪಾಪುಗೆ ನೋವಾಗುತ್ತೆ" ಅಂದರೆ ಸಾಕು. ಸದ್ಯಕ್ಕೆ ಇಬ್ಬರನ್ನೇ ಕೋಣೆಯಲ್ಲಿ ಬಿಡಬೇಡಿ. ಕಥೆ ಮಲಗುವ ಹೊತ್ತಿಗಿರಲಿ, ಪಾಪು ಬೇರೆಯವರ ಕೈಲಿದ್ದಾಗ. ಅದೇ ಕಥೆಯನ್ನು ಹತ್ತು ಸಲ ಕೇಳಿದರೂ ಹೇಳಿ.