ಓದುಗರ ಪ್ರಶ್ನೆ: ಜೋಡಿಯಾಗಿ ಸ್ಕೇಟಿಂಗ್ ಮಾಡುವಾಗ ಕೈ ಎಳೆಯುತ್ತೆ, ಏನು ಮಾಡಲಿ?

ಪ್ರಶ್ನೆ: ಮದುವೆಯಾಗಿ ಕೆನಡಾಗೆ ಬಂದ ಮೇಲೆ ಐಸ್ ಸ್ಕೇಟಿಂಗ್ ಕಲಿತೆ. ಒಬ್ಬಳೇ ಆದರೆ ಭಯವಿಲ್ಲದೆ ರಿಂಕ್ ಸುತ್ತುತ್ತೇನೆ. ನಮ್ಮ ಯಜಮಾನರೂ ಚೆನ್ನಾಗಿ ಸ್ಕೇಟ್ ಮಾಡುತ್ತಾರೆ. ಈಗ ಕೋಚ್ ಇಬ್ಬರೂ ಸೇರಿ ಡಚ್ ವಾಲ್ಟ್ಸ್ ಅನ್ನೋ ಐಸ್ ಡ್ಯಾನ್ಸ್ ಕಲಿಯಿರಿ ಅಂದಿದ್ದಾರೆ. ಕೈ ಹಿಡಿದ ತಕ್ಷಣ ತಡವರಿಸುತ್ತೇವೆ. ನೇರಕ್ಕೆ ಹೇಗೋ ಆಗುತ್ತೆ, ತಿರುವಿನಲ್ಲಿ ಮಾತ್ರ ಅವರು ನನ್ನನ್ನು ಎಳೆದ ಹಾಗಾಗುತ್ತೆ. ನಾನು ಬಿದ್ದರೆ ಅವರನ್ನೂ ಬೀಳಿಸುತ್ತೇನೆ ಅನ್ನೋ ಹೆದರಿಕೆ ಬೇರೆ.
– ಓದುಗರೊಬ್ಬರು, ಮಿಸಿಸಾಗಾ

ಉತ್ತರ: ಅವರು ಬೇಕೂಂತ ಎಳೆಯುತ್ತಿಲ್ಲ, ಸುಮ್ನೆ ಬೈಯಬೇಡಿ. ಡಚ್ ವಾಲ್ಟ್ಸ್‌ನಲ್ಲಿ ಕಿಲಿಯನ್ ಹಿಡಿತ ಇರುತ್ತೆ ಅಲ್ವಾ, ಇಬ್ಬರ ಮುಖವೂ ಮುಂದಕ್ಕೆ, ಅವರು ನಿಮ್ಮ ಎಡಕ್ಕೆ ಸ್ವಲ್ಪ ಹಿಂದೆ, ನಿಮ್ಮ ಎಡಗೈ ಅವರ ಎದೆ ಮುಂದೆ ಹಾದು ಅವರ ಎಡಗೈಲಿ, ಬಲಗೈಗಳೆರಡೂ ನಿಮ್ಮ ಸೊಂಟದ ಮೇಲೆ. ಅಪ್ರದಕ್ಷಿಣೆಯಾಗಿ ಸುತ್ತುವಾಗ ಅವರು ಒಳಗಡೆ, ನೀವು ಹೊರಗಡೆ. ತಿರುವಿನಲ್ಲಿ ನಿಮ್ಮ ದಾರಿ ಉದ್ದ. ಇಬ್ಬರೂ ಅಷ್ಟೇ ಜೋರಾಗಿ ತಳ್ಳಿದರೆ ನೀವು ಹಿಂದೆ ಬೀಳುತ್ತೀರಿ, ಕೈ ಎಳೆಯುತ್ತೆ. ಅಲ್ಲಿ ಅವರು ಹೆಜ್ಜೆ ಚಿಕ್ಕದು ಮಾಡಲಿ, ನೀವು ಜಾಸ್ತಿ ತಳ್ಳಿ. ಎಣಿಕೆ ಮಾತ್ರ ಇಬ್ಬರದೂ ಒಂದೇ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಜೊತೆಗಾರನ ಕೈ ಇರುವುದು ಆಸರೆಗಲ್ಲ. ನಿಮ್ಮ ಭಾರ ನಿಮ್ಮ ಬ್ಲೇಡ್ ಮೇಲೇ ಇರಬೇಕು, ಅವರು ದಿಢೀರನೆ ಕೈ ಬಿಟ್ಟರೂ ನೀವು ಹಾಗೇ ಜಾರಿಕೊಂಡು ಹೋಗಬೇಕು. ಕೈ ಬರೀ ಸುದ್ದಿ ಕೊಡುತ್ತೆ. ಅವರ ಮೊಣಕಾಲು ಬಗ್ಗುವುದು ನಿಮ್ಮ ಅಂಗೈಗೆ ಗೊತ್ತಾಗಬೇಕು, ‘ರೀ, ನಿಧಾನ’ ಅನ್ನುವ ಮೊದಲೇ. ಅದಕ್ಕೆ ಬೆರಳು ಬಿಗಿ ಮಾಡಬೇಡಿ, ಹಾಗಂತ ಮೊಣಕೈ ಸಡಿಲವೂ ಬಿಡಬೇಡಿ.

ಮೊದಲ ದಿನವೇ ಕಿಲಿಯನ್ ಬೇಡ. ಬರೀ ಒಂದು ಕೈ ಹಿಡಿದು ಪಕ್ಕಪಕ್ಕದಲ್ಲಿ ಸುತ್ತಿ. ಒಬ್ಬರು ಬಾಯಿಬಿಟ್ಟು ‘ಒಂದು ಎರಡು ಮೂರು’ ಎಣಿಸಲಿ, ‘ಒಂದು’ ಅಂದಾಗ ಇಬ್ಬರ ಮೊಣಕಾಲೂ ಬಗ್ಗಲಿ. ಕಾಲು ನೋಡಬೇಡಿ. ಕೋಲಾಟದಲ್ಲಿ ತಾಳ ಕೇಳುತ್ತೀವಿ, ಎದುರಿನವರ ಕೋಲನ್ನೇ ದಿಟ್ಟಿಸಿದರೆ ಏಟು ತಪ್ಪುತ್ತೆ, ಇಲ್ಲೂ ಹಾಗೇ. ಹಾಡು ಆಮೇಲೆ ಹಾಕಿ. ಡಚ್ ವಾಲ್ಟ್ಸ್‌ಗೆ ನಿಮಿಷಕ್ಕೆ 138 ಬೀಟ್, ಕೇಳೋಕೆ ಗಾಬರಿ ಆಗಬಹುದು, ಆದರೆ ಎಲ್ಲಾ ಹೆಜ್ಜೆಯೂ ಮುಂದಕ್ಕೇ, ಹಿಂದಕ್ಕೆ ತಿರುಗುವುದೇ ಇಲ್ಲ. ಹೊಸಬರಿಗೆ ಕೊಡುವುದು ಅದಕ್ಕೇ.

ಬೀಳುವ ವಿಷಯ ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ಯಾರು ಜಾರಿದರೂ ‘ಬಿಡು’ ಅಂತ ಕೂಗಬೇಕು, ಇನ್ನೊಬ್ಬರು ತಕ್ಷಣ ಕೈ ಬಿಟ್ಟು ದೂರ ಸರಿಯಬೇಕು. ಹಿಡಿದು ನಿಲ್ಲಿಸುವುದು ಪ್ರೀತಿ ಅನ್ನಿಸುತ್ತೆ, ಆದರೆ ಇಬ್ಬರೂ ಬಿದ್ದರೆ ನಾಲ್ಕು ಬ್ಲೇಡ್ ಒಂದೇ ಕಡೆ. ಮೊಣಕಾಲು ಬಗ್ಗಿಸಿ ಪಕ್ಕಕ್ಕೆ, ತೊಡೆಯ ಮೇಲೆ ಬೀಳಿ. ಬಿದ್ದ ಕೂಡಲೇ ಬೆರಳು ಮಡಚಿ ಮುಷ್ಟಿ ಮಾಡಿ.

ಐಸ್ ಡ್ಯಾನ್ಸ್ ಬ್ಲೇಡಿನ ಹಿಂಭಾಗ ಗಿಡ್ಡ ಇರುತ್ತೆ, ಜೊತೆಗಾರರ ಬ್ಲೇಡಿಗೆ ತಾಕದಿರಲಿ ಅಂತ. ಈಗಲೇ ಕೊಳ್ಳಬೇಡಿ.

ಬೇಗ ಬರಲಿಲ್ಲ ಅಂತ ಬೇಜಾರು ಬೇಡ. ನಿಮ್ಮ ಒಂಟಾರಿಯೊದವರೇ ಆದ ಟೆಸ್ಸಾ ವರ್ಚ್ಯೂ ಮತ್ತು ಸ್ಕಾಟ್ ಮಾಯಿರ್ 1997ರಲ್ಲಿ ಜೋಡಿಯಾದಾಗ ಇಬ್ಬರೂ ಚಿಕ್ಕ ಮಕ್ಕಳು. ಒಲಿಂಪಿಕ್ ಚಿನ್ನ ಬಂದಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ನಿಮಗೆ ಪದಕ ಬೇಕಿಲ್ಲ, ಆದರೆ ಜೊತೆಗೆ ಜಾರುವುದು ಅಷ್ಟು ವರ್ಷ ತಿದ್ದುವಂಥ ಕೆಲಸ ಅನ್ನುವುದು ಗೊತ್ತಿರಲಿ.

ಪ್ರಶ್ನೆ: ನನ್ನ ಮಗಳು ರೋಲರ್ ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ಕೋಚ್ ಅವಳನ್ನು ಒಬ್ಬ ಹುಡುಗನ ಜೊತೆ ಹಾಕುತ್ತೇನೆ ಅನ್ನುತ್ತಾರೆ. ಎತ್ತಿ ಬೀಳಿಸಿದರೆ ಅಂತ ಭಯ.
– ಒಬ್ಬ ತಾಯಿ, ಮೈಸೂರು

ಉತ್ತರ: ಯಾವುದಕ್ಕೆ ಅಂತ ಮೊದಲು ಕೇಳಿ. ಕಪಲ್ ಡ್ಯಾನ್ಸ್ ಆದರೆ ಹೆಜ್ಜೆ, ತಾಳವೇ ಮುಖ್ಯ, ಹೆದರಬೇಡಿ. ತಲೆ ಮೇಲೆ ಎತ್ತುವುದು, ಎಸೆಯುವುದು ಬರುವುದು ಪೇರ್ಸ್‌ನಲ್ಲಿ. ಅದಾದರೆ ಒಂದು ದಿನ ನೀವೇ ಹೋಗಿ ನೋಡಿ. ಎತ್ತುವುದನ್ನು ಮೊದಲು ಸ್ಕೇಟ್ ಬಿಚ್ಚಿ, ಮ್ಯಾಟ್ ಮೇಲೆ, ಕೋಚ್ ಪಕ್ಕದಲ್ಲೇ ನಿಂತು ಕಲಿಸುತ್ತಿದ್ದಾರಾ ಗಮನಿಸಿ. ಇಲ್ಲ ಅಂದರೆ ಸದ್ಯಕ್ಕೆ ಬೇಡ ಅಂತ ನೇರವಾಗಿ ಹೇಳಿ.