ರೈತರ ಪ್ರಶ್ನೆ: ಪಹಣಿಯಲ್ಲಿ ಹೆಸರಿಲ್ಲದವರಿಗೆ ಬ್ಯಾಂಕ್ ಸಾಲ

ಪ್ರಶ್ನೆ: ನಮ್ಮೂರಿನ ದೊಡ್ಡ ಹಿಡುವಳಿದಾರರೊಬ್ಬರ ನಾಲ್ಕು ಎಕರೆ ಹೊಲವನ್ನು ಬಹಳ ವರ್ಷಗಳಿಂದ ಲಾವಣಿಗೆ ಹಾಕಿಕೊಂಡು ತೊಗರಿ, ಹತ್ತಿ ಬೆಳೆಯುತ್ತಿದ್ದೇನೆ. ಬರವಣಿಗೆಯಲ್ಲಿ ಯಾವ ಕರಾರೂ ಇಲ್ಲ. ಪಹಣಿ ನನ್ನ ಹೆಸರಿನಲ್ಲಿಲ್ಲವೆಂದು ಬ್ಯಾಂಕಿನವರು ವಾಪಸು ಕಳಿಸಿದರು. ಪ್ರತಿ ಮುಂಗಾರಿಗೂ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಕೈಸಾಲ ಮಾಡುತ್ತೇನೆ. ನನ್ನಂಥವರಿಗೆ ಬೇರೆ ದಾರಿ ಇಲ್ಲವೇ?
– ರೈತ ಮಹಿಳೆ, ಯಾದಗಿರಿ ಜಿಲ್ಲೆ

ಉತ್ತರ: ದಾರಿ ಇದೆ, ಆದರೆ ಅದನ್ನು ನೀವೇ ಕೇಳಿ ಪಡೆಯಬೇಕಾಗುತ್ತದೆ. ಬೆಳೆಯ ಖರ್ಚಿಗೆ ಬ್ಯಾಂಕ್ ಸಾಲ ಒದಗಿಸಲು 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಭೂಮಾಲೀಕರಿಗೆ ಮಾತ್ರ ಮೀಸಲಾದುದಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಗೇಣಿದಾರರು, ಬಾಯಿಮಾತಿನ ಗುತ್ತಿಗೆದಾರರು, ಪಾಲಿಗೆ ಮಾಡುವವರು, ಅಂಥ ರೈತರ ಜಂಟಿ ಹೊಣೆಗಾರಿಕೆ ಗುಂಪುಗಳು ಎಲ್ಲರೂ ಅದಕ್ಕೆ ಅರ್ಹರು. ಬ್ಯಾಂಕುಗಳು ತಮ್ಮ ಸಾಲದ ಶೇ 18ರಷ್ಟನ್ನು ಕೃಷಿಗೆ ಕೊಡಬೇಕು. ಅದರೊಳಗೆ ಒಟ್ಟು ಸಾಲದ ಶೇ 10ರಷ್ಟು ಸಣ್ಣ ಮತ್ತು ಅತಿಸಣ್ಣ ರೈತರಿಗೆ ಎಂಬ ಗುರಿ ಇದೆ. ಈ ಸಣ್ಣ ರೈತರ ವ್ಯಾಖ್ಯೆಯಲ್ಲಿ ನಿಮ್ಮಂಥ ಗುತ್ತಿಗೆದಾರರೂ ಸೇರಿದ್ದಾರೆ. ಹೀಗಾಗಿ ನಿಮಗೆ ಕೊಟ್ಟ ಸಾಲ ಆ ಬ್ಯಾಂಕಿನ ಗುರಿಯ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನು ಮ್ಯಾನೇಜರರ ಮುಂದೆ ಸಂಕೋಚವಿಲ್ಲದೆ ಹೇಳಿ.

ನಿಯಮ ಹೀಗಿದ್ದರೂ ನಿಮ್ಮನ್ನು ವಾಪಸು ಕಳಿಸಲು ಕಾರಣ ನಮ್ಮ ರಾಜ್ಯದ ಭೂಕಾನೂನಿನಲ್ಲಿದೆ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಅಂದಿನ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಅದು ಈ ನಾಡು ಕಂಡ ದೊಡ್ಡ ನ್ಯಾಯಗಳಲ್ಲೊಂದು. ಅದೇ ಕಾನೂನು ಸೈನಿಕರೇ ಮೊದಲಾದ ಕೆಲವರನ್ನು ಬಿಟ್ಟು ಉಳಿದವರು ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಗೇಣಿ ಮಾತ್ರ ನಿಲ್ಲಲಿಲ್ಲ. ಲಾವಣಿ, ಕೋರು, ಪಾಲು ಎಂದು ಬಾಯಿಮಾತಿನಲ್ಲಿ ಮುಂದುವರಿಯಿತು. ಕಾಗದ ಬರೆದುಕೊಟ್ಟರೆ ಹೊಲ ಕೈಬಿಟ್ಟೀತೆಂದು ಮಾಲೀಕರು ಹೆದರುತ್ತಾರೆ, ಕಾಗದವಿಲ್ಲದೆ ಬ್ಯಾಂಕು ಹೆದರುತ್ತದೆ, ನಡುವೆ ಉಳುವವರು ಕೈಸಾಲಕ್ಕೆ ಬೀಳುತ್ತಾರೆ. ನೀವು ಹೇಳಿದ ದರದಲ್ಲಿ 50,000 ರೂಪಾಯಿಗೆ ಎಂಟು ತಿಂಗಳಿಗೆ 12,000 ರೂಪಾಯಿ ಬಡ್ಡಿಯಾಗುತ್ತದೆ. ಕಿಸಾನ್ ಕಾರ್ಡಿನ ಬೆಳೆ ಸಾಲವನ್ನು ಗಡುವಿನೊಳಗೆ ತೀರಿಸಿದವರಿಗೆ ಮೂರು ಲಕ್ಷದವರೆಗೆ ಬೀಳುವ ಬಡ್ಡಿ ವರ್ಷಕ್ಕೆ ಶೇ 4 ಮಾತ್ರ. ಅಷ್ಟೇ ಮೊತ್ತಕ್ಕೆ ಅಷ್ಟೇ ಅವಧಿಗೆ ಒಂದೂವರೆ ಸಾವಿರವೂ ಆಗದು. ಈ ವ್ಯತ್ಯಾಸದಲ್ಲಿ ಒಂದು ಹಂಗಾಮಿನ ಲಾಭವೇ ಹೋಗಿಬಿಡುತ್ತದೆಂಬುದು ನನಗೆ ಬಹಳ ನೋವಿನ ಸಂಗತಿ.

ಒಬ್ಬರೇ ಹೋಗುವುದಕ್ಕಿಂತ ಗುಂಪಾಗಿ ಹೋಗುವುದು ಮೇಲು. ಒಂದೇ ಊರಿನ, ಪರಸ್ಪರ ನಂಬಿಕೆಯುಳ್ಳ ನಾಲ್ಕರಿಂದ ಹತ್ತು ಮಂದಿ ಸೇರಿ ಜಂಟಿ ಹೊಣೆಗಾರಿಕೆ ಗುಂಪು ಮಾಡಿಕೊಳ್ಳಬಹುದು. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ರೂಪಿಸಿದ ಈ ವ್ಯವಸ್ಥೆಯಲ್ಲಿ ಸದಸ್ಯರು ಒಬ್ಬರಿಗೊಬ್ಬರು ಕೊಡುವ ಖಾತರಿಯೇ ಅಡಮಾನದ ಬದಲಿಗೆ ನಿಲ್ಲುತ್ತದೆ. ಆದ್ದರಿಂದ ಹಳೆಯ ಸಾಲ ಬಾಕಿ ಇಟ್ಟುಕೊಂಡವರನ್ನು ಮುಲಾಜಿಗೆ ಸೇರಿಸಿಕೊಳ್ಳಬೇಡಿ. ಒಬ್ಬರ ಕಂತು ತಪ್ಪಿದರೆ ಹೊರೆ ಎಲ್ಲರ ಮೇಲೂ ಬೀಳುತ್ತದೆ. ನೀವು ಇಂಥ ಸರ್ವೆ ನಂಬರಿನಲ್ಲಿ ಇಂಥ ಬೆಳೆ ಬೆಳೆಯುತ್ತಿದ್ದೀರಿ ಎಂಬ ದೃಢೀಕರಣವನ್ನು ಗ್ರಾಮ ಪಂಚಾಯತಿಯಿಂದ ಪಡೆಯಿರಿ. ಬಾಯಿಮಾತಿನ ಗುತ್ತಿಗೆದಾರರ ವಿಷಯದಲ್ಲಿ ಸ್ಥಳೀಯ ಆಡಳಿತದ ಇಂಥ ಪತ್ರವನ್ನು ಒಪ್ಪಬಹುದೆಂದು ರಿಸರ್ವ್ ಬ್ಯಾಂಕು ಹೇಳಿದೆ. ಗುಂಪಿನ ಸಾಲಕ್ಕೆ ಹೊಲ ಅಡವಾಗುವುದಿಲ್ಲ, ಪಹಣಿಯ ಋಣದ ಕಾಲಂನಲ್ಲಿ ಅದು ದಾಖಲಾಗುವುದೂ ಇಲ್ಲ ಎಂದು ಹೊಲದ ಒಡೆಯರಿಗೆ ಬಿಡಿಸಿ ಹೇಳಿದರೆ ಅವರ ಅಂಜಿಕೆ ಅರ್ಧ ಇಳಿಯಬಹುದು.

ಅರ್ಜಿಯನ್ನು ಲಿಖಿತವಾಗಿಯೇ ಕೊಟ್ಟು ಸ್ವೀಕೃತಿ ಪಡೆಯಿರಿ. ಪೂರ್ಣ ಅರ್ಜಿ ತಲುಪಿದ 14 ದಿನಗಳೊಳಗೆ ಕಾರ್ಡ್ ಕೊಡಬೇಕೆಂಬ ಸೂಚನೆ ಬ್ಯಾಂಕುಗಳಿಗಿದೆ. ಇಲ್ಲವೆಂದರೆ ಕಾರಣವನ್ನು ಬರೆದುಕೊಡಲು ಕೇಳಿ, ಅದರೊಂದಿಗೆ ಜಿಲ್ಲೆಯ ಬ್ಯಾಂಕುಗಳ ಸಾಲದ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರರನ್ನು ಕಾಣಿ. ಬಾಯಿಮಾತಿನ ನಿರಾಕರಣೆ ಯಾವ ಕಡತಕ್ಕೂ ಸೇರುವುದಿಲ್ಲವಾದ್ದರಿಂದ ಇದು ಮುಖ್ಯ.

ಆದರೂ ಒಬ್ಬೊಬ್ಬ ರೈತರೂ ಹೀಗೆ ಬಾಗಿಲು ತಟ್ಟುತ್ತಿರಬೇಕಾದ ಸ್ಥಿತಿ ಸರಿಯಲ್ಲ. ನೀತಿ ಆಯೋಗವು 2016ರಲ್ಲೇ ಮಾದರಿ ಭೂಗುತ್ತಿಗೆ ಕಾನೂನನ್ನು ರಾಜ್ಯಗಳ ಮುಂದಿಟ್ಟಿತು. ಆಂಧ್ರಪ್ರದೇಶವು 2019ರ ಕಾಯ್ದೆಯ ಮೂಲಕ ಸಾಗುವಳಿದಾರರಿಗೆ ಹನ್ನೊಂದು ತಿಂಗಳ ಕಾರ್ಡ್ ಕೊಡುವ ವ್ಯವಸ್ಥೆ ಮಾಡಿತು. ಅದರಿಂದ ಒಡೆತನಕ್ಕೆ ಧಕ್ಕೆಯಿಲ್ಲ. ಆದರೆ ಅದಕ್ಕೆ ಮಾಲೀಕರ ಒಪ್ಪಿಗೆ ಬೇಕೆಂದು ಇಟ್ಟದ್ದರಿಂದ ಅನೇಕರು ಹೊರಗುಳಿದರು. ಕರ್ನಾಟಕ ಅಂಥ ಕಾನೂನು ತರುವುದಾದರೆ, ಮಾಲೀಕರ ಸಹಿಗೆ ಕಾಯದೆ ಪಂಚಾಯತಿಯೇ ಬೆಳೆ ಪರಿಶೀಲಿಸಿ ಕಾರ್ಡ್ ಕೊಡುವಂತಿರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ: ಜಮೀನು ಇನ್ನೂ ತೀರಿಕೊಂಡ ಮಾವನವರ ಹೆಸರಿನಲ್ಲಿದೆ. ನನ್ನ ಪತಿಯೂ ಇಲ್ಲ. ಸೊಸೈಟಿಯಲ್ಲಿ ಬೆಳೆ ಸಾಲ ಸಿಗುವುದೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಿ. ನಿಮ್ಮ ಪತಿ ಮಾವನವರಿಗಿಂತ ಮೊದಲೇ ತೀರಿಕೊಂಡಿದ್ದರೂ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಮಗನ ವಿಧವೆಯಾಗಿ ನೀವು ಮೊದಲ ವರ್ಗದ ವಾರಸುದಾರರು. ಖಾತೆಯಾದ ಮೇಲೆ ಸಹಕಾರ ಸಂಘದ ಸದಸ್ಯತ್ವ ಪಡೆಯಿರಿ. ಸಂಘಗಳ ಮೂಲಕ ಸಿಗುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದೆ. 2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಮಹಿಳೆಯರು ಶೇ 14ರಷ್ಟು ಮಾತ್ರ. ಖಾತೆ ಬದಲಾವಣೆಯನ್ನು ಮುಂದೂಡಬೇಡಿ.

ಪ್ರಶ್ನೆ: ನಮ್ಮದು ಕುರಿ ಮೇಯಿಸುವ ಕುಟುಂಬ, ಜಮೀನಿಲ್ಲ. ಮಳೆ ನೋಡಿಕೊಂಡು ಊರೂರು ತಿರುಗುತ್ತೇವೆ. ಸರ್ಕಾರದ ಕುರಿ ಸಾಕಣೆ ಸಹಾಯಧನ ನಮಗೆ ಸಿಗುವುದೇ?
– ಓದುಗರು, ಬೆಳಗಾವಿ ಜಿಲ್ಲೆ

ಉತ್ತರ: ನೀವು ಕೇಳುತ್ತಿರುವುದು ಬಹುಶಃ ರಾಷ್ಟ್ರೀಯ ಜಾನುವಾರು ಮಿಷನ್ನಿನ ಶೇ 50ರ ಸಹಾಯಧನ. ಅದು ಕನಿಷ್ಠ 100 ಕುರಿ, 5 ಟಗರುಗಳ ಘಟಕ ಕಟ್ಟುವವರಿಗಾಗಿ ರೂಪಿಸಿದ್ದು. ಜಾಗ, ಶೆಡ್ಡು, ಬ್ಯಾಂಕಿನ ಒಪ್ಪಿಗೆ ಎಲ್ಲ ಬೇಕಾಗುವುದರಿಂದ ಸಂಚಾರಿ ಕುರಿಗಾಹಿಗಳಿಗೆ ಅದು ಸುಲಭವಲ್ಲ. ನಿಮಗೆ ಹೆಚ್ಚು ಹೊಂದುವುದು ಪಶುಸಂಗೋಪನೆಯ ಕಿಸಾನ್ ಕಾರ್ಡ್. 2019ರಿಂದ ಕುರಿ, ಮೇಕೆ ಸಾಕುವವರಿಗೂ ಮೇವು, ಔಷಧ, ಕೂಲಿಯ ಖರ್ಚಿಗೆ ಅದರಲ್ಲಿ ಸಾಲವಿದೆ. ಬಡ್ಡಿ ರಿಯಾಯಿತಿ ಎರಡು ಲಕ್ಷದವರೆಗೆ. 2025ರ ಜನವರಿಯಿಂದ ಎರಡು ಲಕ್ಷದವರೆಗಿನ ಕೃಷಿ ಮತ್ತು ಪೂರಕ ಕಸುಬುಗಳ ಸಾಲಕ್ಕೆ ಅಡಮಾನವೂ ಬೇಡ.

ತೊಡಕಿರುವುದು ಕುರಿದೊಡ್ಡಿ ಸ್ವಂತದ್ದೋ ಬಾಡಿಗೆಯದೋ ಇರಬೇಕೆಂಬ ಷರತ್ತಿನಲ್ಲಿ. ಮಳೆಗಾಲಕ್ಕೆ ಊರಿನಲ್ಲಿ ಬಾಡಿಗೆ ದೊಡ್ಡಿ ಇದ್ದರೆ ಅದರ ಕರಾರನ್ನೇ ತೋರಿಸಿ. ತಾಲ್ಲೂಕಿನ ಕುರಿ ಸಾಕಣೆದಾರರ ಸಹಕಾರ ಸಂಘದ ಸದಸ್ಯರಾಗಿ, ಪಶುವೈದ್ಯರಿಂದ ಹಿಂಡಿನ ಸಂಖ್ಯೆ ಮತ್ತು ಲಸಿಕೆಯ ದೃಢೀಕರಣ ಪಡೆದು, ಹಿಂಡಿಗೆ ವಿಮೆ ಮಾಡಿಸಿ ಅರ್ಜಿಗೆ ಲಗತ್ತಿಸಿದರೆ ಬ್ಯಾಂಕಿಗೆ ಧೈರ್ಯ ಬರುತ್ತದೆ. ಹಿಂಡು ಊರು ಬಿಡುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಸ್ಥಳ ಪರಿಶೀಲನೆಗೆ ಬಂದ ಅಧಿಕಾರಿಗೆ ಕುರಿಗಳು ಕಾಣದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ.